ರೋಮಿನಲ್ಲಿ ಕಲಿತದ್ದನ್ನು ಯಲಹಂಕದಲ್ಲಿ ನುಡಿಯುವುದು

ಹೆಬ್ಬಾಳದ ಮೇಲ್ಸೇತುವೆಯನ್ನು ಇಳಿದು ಯಲಹಂಕದತ್ತ ಸಾಗುವ ರಸ್ತೆ 2008ರ ಮೇ ತಿಂಗಳಿನಿಂದ ವಿಮಾನ ನಿಲ್ದಾಣದ ರಸ್ತೆಯೂ ಆಗಿದೆ. ಅದಕ್ಕೆ ಮೊದಲು ವಿದೇಶಕ್ಕೆ ಹೊರಟವರನ್ನು ಬೀಳ್ಕೊಡಲು ಈ ಭಾಗದವರು ನಗರದ ಪೂರ್ವಕ್ಕೆ, ಎಚ್.ಎ.ಎಲ್. ನಿಲ್ದಾಣಕ್ಕೆ ಹೋಗಬೇಕಾಗಿತ್ತು. ಈಗ ಬೀಳ್ಕೊಡುಗೆಗಳೆಲ್ಲ ನಮ್ಮ ಮನೆಬಾಗಿಲ ಮುಂದೆಯೇ ಹಾದುಹೋಗುತ್ತವೆ. ಮಳೆಗಾಲ ನಡುವಿಗೆ ಬಂದಾಗ ಈ ದಾರಿಯಲ್ಲಿ ಸಾಗುವ ಬಾಡಿಗೆ ವಾಹನಗಳಲ್ಲಿ ಕೆಲವನ್ನು ನೋಡಿದೊಡನೆ ಗುರುತಿಸಬಹುದು. ಮುಂದಿನ ಸೀಟಿನಲ್ಲಿ ಒಬ್ಬ ಯುವ ಗುರುಗಳು. ಹಿಂದೆ ಜಪಸರವನ್ನು ಬೆರಳಿಗೆ ಸುತ್ತಿಕೊಂಡು ಕುಳಿತ ತಾಯಿ, ಮಾತಿಲ್ಲದ ತಂದೆ, ಅಣ್ಣ ಅತ್ತಿಗೆಯರು, ಧರ್ಮಕೇಂದ್ರದ ಒಬ್ಬಿಬ್ಬರು ಹಿರಿಯರು. ಸೂಟ್‌ಕೇಸಿನಲ್ಲಿ ತೂಕ ಮೀರದಂತೆ ಎರಡೆರಡು ಬಾರಿ ತೂಗಿ ಇಟ್ಟ ಉಪ್ಪಿನಕಾಯಿ, ಚಟ್ನಿಪುಡಿ, ಒಂದು ಪೊಟ್ಟಣ ರಾಗಿಹಿಟ್ಟು. ದೈವಶಾಸ್ತ್ರದ ಉನ್ನತ ವ್ಯಾಸಂಗಕ್ಕೆಂದು ರೋಮಿಗೋ ಬೆಲ್ಜಿಯಂಗೋ ಜರ್ಮನಿಗೋ ಹೊರಟವರು ಅವರು.

ಮುಂದಿನ ಭಾನುವಾರ ಬಲಿಪೂಜೆಯ ಕೊನೆಗೆ ಅವರ ಹೆಸರನ್ನು ಪ್ರಕಟಿಸಲಾಗುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ. ಆ ಬಳಿಕ ನಾಲ್ಕೈದು ವರ್ಷ ಅವರ ಸುದ್ದಿಯನ್ನು ಮನೆಯವರ ಹೊರತು ಕೇಳುವವರು ವಿರಳ. ಹಾರ ಹಾಕಿ ಕಳುಹಿಸುವುದರಲ್ಲಿ ನಮಗಿರುವ ಉತ್ಸಾಹ, ಹೋದವರು ಅಲ್ಲಿ ಏನು ಓದುತ್ತಾರೆ, ಹೇಗೆ ಬದುಕುತ್ತಾರೆ, ಯಾತಕ್ಕಾಗಿ ಹೋದರು ಎಂದು ತಿಳಿಯುವುದರಲ್ಲಿ ಇಲ್ಲ.

ಯಾತಕ್ಕಾಗಿ ಎಂಬುದನ್ನೇ ಮೊದಲು ನೋಡೋಣ. ಗುರುಗಳಾಗಲು ಬೇಕಾದ ವಿದ್ಯೆ ನಮ್ಮಲ್ಲಿಯೇ ದೊರೆಯುತ್ತದೆ. ಯಶವಂತಪುರದ ಮಗ್ಗುಲಲ್ಲಿ, ಮಲ್ಲೇಶ್ವರದ ಪಶ್ಚಿಮಕ್ಕಿರುವ ಸಂತ ಪೇತ್ರರ ಗುರುಮಠ ತನ್ನ ಮೂಲವನ್ನು 1778ರ ಪಾಂಡಿಚೇರಿಯಲ್ಲಿ ಗುರುತಿಸಿಕೊಳ್ಳುತ್ತದೆ. ಪ್ಯಾರಿಸಿನ ವಿದೇಶ ಮಿಷನ್ ಸಭೆಯ ಗುರುಗಳು ಅಲ್ಲಿ ನೆಟ್ಟ ಸಸಿ ಅದು. 1934ರಲ್ಲಿ ಬೆಂಗಳೂರಿಗೆ ಬಂದಿತು. 1976ರಿಂದ ಅಲ್ಲಿನ ದೈವಶಾಸ್ತ್ರ ವಿದ್ಯಾಸಂಸ್ಥೆಗೆ ವ್ಯಾಟಿಕನ್ನಿನ ಮನ್ನಣೆಯ ಪದವಿಗಳನ್ನು ನೀಡುವ ಅಧಿಕಾರವಿದೆ. ತತ್ತ್ವಶಾಸ್ತ್ರ, ದೈವಶಾಸ್ತ್ರಗಳ ಐದು ವರ್ಷಗಳ ಮೊದಲ ಹಂತ ಮುಗಿದರೆ ಬ್ಯಾಚಲರ್ ಪದವಿ, ಅದರ ಮೇಲೆ ಎರಡು ವರ್ಷಗಳ ಲೈಸೆನ್ಷಿಯೇಟ್, ಆಮೇಲೆ ಡಾಕ್ಟರೇಟ್. ಮೇಲಿನ ಎರಡು ಹಂತಗಳಿಗಾಗಿಯೇ ಹೆಚ್ಚಿನವರು ಕಡಲು ದಾಟುವುದು. ಗುರುದೀಕ್ಷೆಯಾಗಿ ಕೆಲವು ವರ್ಷ ಧರ್ಮಕೇಂದ್ರಗಳಲ್ಲಿ ದುಡಿದ ಮೇಲೆ ಧರ್ಮಾಧ್ಯಕ್ಷರು ಅವರನ್ನು ಆರಿಸಿ ಕಳುಹಿಸುತ್ತಾರೆ. ಗುರುಮಠದಲ್ಲಿ ಬೈಬಲ್ಲನ್ನು ಬೋಧಿಸುವವರಿಗೆ ಹೀಬ್ರೂ, ಗ್ರೀಕ್ ಬರಬೇಕು. ಧರ್ಮಪ್ರಾಂತ್ಯದ ವಿವಾಹ ನ್ಯಾಯಪೀಠದಲ್ಲಿ ನ್ಯಾಯಾಧೀಶರಾಗಿ ಕೂರುವವರಿಗೆ ಧರ್ಮಸಭೆಯ ಕಾನೂನಿನಲ್ಲಿ ಲೈಸೆನ್ಷಿಯೇಟ್ ಆದರೂ ಇರಲೇಬೇಕೆಂದು ಆ ಕಾನೂನೇ ವಿಧಿಸಿದೆ. ಮಗಳ ಒಡೆದ ಮದುವೆಯ ಅಹವಾಲನ್ನು ಹೊತ್ತು ಆ ಪೀಠದ ಮೆಟ್ಟಿಲು ಹತ್ತಿದ ತಂದೆ ತಾಯಿಯರಿಗೆ, ಅಲ್ಲಿ ಓದಿಕೊಂಡವರು ಇದ್ದಾರೆಯೇ ಇಲ್ಲವೇ ಎಂಬುದು ಎಷ್ಟು ದೊಡ್ಡ ಮಾತು ಎಂಬುದು ಗೊತ್ತು.

ಕಡಲಾಚೆಗೆ ಹೋಗಿ ಓದುವುದೆಂದರೆ ರೋಮ್ ಎಂದೇ ಇಂದು ನಮ್ಮ ಭಾವನೆ. ನಮ್ಮ ಅಜ್ಜಂದಿರ ಕಾಲದಲ್ಲಿ ಅದು ಸಿಂಹಳವಾಗಿತ್ತು. ಹದಿಮೂರನೆಯ ಲಿಯೋ ಜಗದ್ಗುರುಗಳು 1893ರ ಜೂನ್ 24ರಂದು ಭಾರತದ ಗುರುಮಠಗಳನ್ನು ಕುರಿತು ಒಂದು ವಿಶ್ವಪತ್ರವನ್ನು ಹೊರಡಿಸಿದರು. ಈ ನಾಡಿನ ಜನರ ಆತ್ಮೋದ್ಧಾರ ಈ ನಾಡಿನ ಮಕ್ಕಳ ಕೈಯಿಂದಲೇ ಆಗಬೇಕು, ಹೊರಗಿನಿಂದ ಬಂದವರು ಎಂದೆಂದಿಗೂ ಸಾಲರು ಎಂಬುದು ಅದರ ತಿರುಳು. ಅದೇ ವರ್ಷ ಕ್ಯಾಂಡಿ ನಗರದ ಮೇಲಣ ಅಂಪಿಟಿಯ ಗುಡ್ಡದಲ್ಲಿ ಬೆಲ್ಜಿಯಂನ ಯೇಸುಸಭೆಯವರ ಮೇಲ್ವಿಚಾರಣೆಯಲ್ಲಿ ಪೋಪರ ಗುರುಮಠ ತೆರೆಯಿತು. ಭಾರತದ ನಾನಾ ಪ್ರಾಂತ್ಯಗಳ ಹುಡುಗರು ಅಲ್ಲಿಗೆ ಹೋದರು. 1914ರ ನಂತರ ದಾರಿ ತುಸು ಸುಗಮವಾಯಿತು: ಧನುಷ್ಕೋಡಿಯವರೆಗೆ ರೈಲು, ಅಲ್ಲಿಂದ ತಲೈಮನ್ನಾರಿಗೆ ಹಡಗು, ಮತ್ತೆ ರೈಲು. ಹೋದವರು ಓದು ಮುಗಿಯುವವರೆಗೆ ಊರು ಕಾಣುವುದು ಅಪರೂಪ. ಮನೆಯಿಂದ ಹೋಗುವಾಗ ಮೀಸೆ ಮೂಡದಿದ್ದ ಮಗ ಗುರುವಾಗಿ ಹಿಂದಿರುಗಿದಾಗ ಗುರುತಿಸಲಾರದೆ ತಡವರಿಸಿದ ತಾಯಂದಿರ ಕಥೆಗಳು ಕರಾವಳಿಯ ಹಳೆಯ ಮನೆಗಳಲ್ಲಿ ಇನ್ನೂ ಕೇಳಿಬರುತ್ತವೆ. 1955ರಲ್ಲಿ ಆ ಗುರುಮಠ ಪುಣೆಗೆ ಸ್ಥಳಾಂತರವಾಯಿತು. ಭಾರತದ ಮಕ್ಕಳಿಗಾಗಿಯೇ ಸ್ಥಾಪಿಸಿದ ವಿದ್ಯಾಲಯ ಭಾರತಕ್ಕೆ ಬಂದು ಸೇರಲು 62 ವರ್ಷ ಹಿಡಿಯಿತು ಎಂಬುದನ್ನು ಇಲ್ಲಿ ಹೇಳಿಯೇ ಮುಂದಕ್ಕೆ ಹೋಗಬೇಕು.

ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿ 1986ರಿಂದ 1998ರವರೆಗೆ ಸೇವೆ ಸಲ್ಲಿಸಿದ ದಿವಂಗತ ಅಲ್ಫೋನ್ಸುಸ್ ಮಥಾಯಸ್ ಈ ದಾರಿಯಲ್ಲಿ ನಡೆದವರು. ಉಡುಪಿಯ ಬಳಿಯ ಪಾಂಗಾಳದಲ್ಲಿ 1928ರಲ್ಲಿ ಜನಿಸಿದ ಅವರು ಮಂಗಳೂರಿನ ಜೆಪ್ಪು ಗುರುಮಠದಿಂದ ಕ್ಯಾಂಡಿಗೆ ಹೋದರು. ಗುರುಮಠ ಪುಣೆಗೆ ಬರುವ ಹಿಂದಿನ ವರ್ಷ, 1954ರಲ್ಲಿ, ಅಲ್ಲಿಯೇ ಗುರುದೀಕ್ಷೆ ಪಡೆದರು. ಆಮೇಲೆ ಧರ್ಮಸಭೆಯ ಕಾನೂನಿನ ವ್ಯಾಸಂಗಕ್ಕೆ ರೋಮಿಗೆ ತೆರಳಿದರು. 1963ರ ನವೆಂಬರಿನಲ್ಲಿ, 35ನೆಯ ವಯಸ್ಸಿನಲ್ಲಿ, ಹೊಸದಾಗಿ ರೂಪುಗೊಂಡ ಚಿಕ್ಕಮಗಳೂರು ಧರ್ಮಪ್ರಾಂತ್ಯದ ಪ್ರಥಮ ಧರ್ಮಾಧ್ಯಕ್ಷರಾಗಿ ನೇಮಕಗೊಂಡು, ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಕುಳಿತರು. ವಿದ್ಯಾರ್ಥಿಯಾಗಿ ನಡೆದಾಡಿದ ಅದೇ ನಗರಕ್ಕೆ ಕೆಲವೇ ವರ್ಷಗಳಲ್ಲಿ ಮಹಾಸಭೆಯ ಪಿತೃಗಳಲ್ಲಿ ಒಬ್ಬರಾಗಿ ಮರಳಿದರು. 2024ರ ಜುಲೈನಲ್ಲಿ, 96ನೆಯ ವಯಸ್ಸಿನಲ್ಲಿ, ನಮ್ಮನ್ನಗಲಿದರು. ಕ್ಯಾಂಡಿಯನ್ನು ಕಂಡ ತಲೆಮಾರು ಅವರಂಥವರೊಂದಿಗೆ ಬಹುತೇಕ ಮುಗಿದಿದೆ.

ಅವರು ಓದಿದ ಕಾಲದ ರೋಮಿನಲ್ಲಿ ಪಾಠ ಲತೀನಿನಲ್ಲಿ, ಪಠ್ಯ ಲತೀನಿನಲ್ಲಿ, ಮುಖಾಮುಖಿ ಮೌಖಿಕ ಪರೀಕ್ಷೆಯೂ ಲತೀನಿನಲ್ಲಿ. ಸಂತ ಇಗ್ನಾಸಿಯವರು 1551ರಲ್ಲಿ ಆರಂಭಿಸಿದ ವಿದ್ಯಾಲಯವೇ ಇಂದಿನ ಗ್ರೆಗೋರಿಯನ್ ವಿಶ್ವವಿದ್ಯಾಲಯ. ಎಂಟನೆಯ ಅರ್ಬನ್ ಜಗದ್ಗುರುಗಳು ಮಿಷನ್ ನಾಡುಗಳ ವಿದ್ಯಾರ್ಥಿಗಳಿಗಾಗಿ 1627ರಲ್ಲಿ ಸ್ಥಾಪಿಸಿದ್ದು ಅರ್ಬನ್ ಕಾಲೇಜು. ಯಾರು ಯಾವ ಕಾಲೇಜಿನವರೆಂದು ನಿಲುವಂಗಿಯ ಬಣ್ಣದಿಂದಲೇ ಬೀದಿಯ ಜನ ಗುರುತಿಸುತ್ತಿದ್ದ ಕಾಲ ಅದು. ಅರ್ಬನ್ ಕಾಲೇಜಿನವರಿಗೆ ಕಪ್ಪು ನಿಲುವಂಗಿಯ ಮೇಲೆ ಕೆಂಪು ನಡುಪಟ್ಟಿ. ಜರ್ಮನ್ ಕಾಲೇಜಿನವರದು ಅಡಿಯಿಂದ ಮುಡಿಯವರೆಗೆ ಕೆಂಪು. ಅವರನ್ನು ರೋಮಿನ ತುಂಟರು ಬೆಂದ ಸೀಗಡಿಗಳೆಂದು ಕರೆಯುತ್ತಿದ್ದರು! 1962ರ ಫೆಬ್ರವರಿಯಲ್ಲಿ ಇಪ್ಪತ್ತಮೂರನೆಯ ಯೋವಾನ್ನರು ಲತೀನಿನಲ್ಲೇ ಬೋಧಿಸಬೇಕೆಂದು ಮತ್ತೊಮ್ಮೆ ಒತ್ತಿ ಆದೇಶಿಸಿದರು. ಆದರೆ ಅವರೇ ಕರೆದ ಮಹಾಸಭೆ ಜನಭಾಷೆಗಳಿಗೆ ಬಾಗಿಲು ತೆರೆಯಿತು. ಆ ದಶಕ ಕಳೆಯುವಷ್ಟರಲ್ಲಿ ತರಗತಿಗಳಿಂದ ಲತೀನ್ ಸರಿದು ಇಟಾಲಿಯನ್ ಬಂದು ಕುಳಿತಿತ್ತು.

ಆದ್ದರಿಂದ ಇಂದು ಹೋಗುವವರ ಮೊದಲ ಕಷ್ಟ ಇಟಾಲಿಯನ್ ಭಾಷೆ. ಅಕ್ಟೋಬರಿನಲ್ಲಿ ತರಗತಿಗಳು ಆರಂಭವಾಗುತ್ತವೆ. ಅದಕ್ಕೆ ಕೆಲವೇ ತಿಂಗಳು ಮುಂಚೆ ಹೋಗಿ ಭಾಷೆ ಕಲಿಯಬೇಕು. ಊರಿನಲ್ಲಿ ನೂರಾರು ಜನರ ಮುಂದೆ ನಿರರ್ಗಳವಾಗಿ ಪ್ರಬೋಧನೆ ಮಾಡಿದ ಮೂವತ್ತೈದರ ಗುರುಗಳು ಅಲ್ಲಿ ಮೊದಲ ದರ್ಜೆಯ ಮಗುವಿನಂತೆ ಕುಳಿತು, ಇದು ಬಾಗಿಲು, ಇದು ಕಿಟಕಿ ಎಂದು ಉಚ್ಚರಿಸುತ್ತಾರೆ. ಅಂಗಡಿಯಲ್ಲಿ ಉಪ್ಪು ಕೇಳಲು ಬಾರದು. ಆದರೆ ಇನ್ನೆರಡು ತಿಂಗಳಲ್ಲಿ ತ್ರೈಏಕ ದೇವರ ರಹಸ್ಯವನ್ನು ಕುರಿತ ಉಪನ್ಯಾಸವನ್ನು ಕೇಳಿ ಟಿಪ್ಪಣಿ ಬರೆಯಬೇಕು. ನಾಡಿಗೆ ಕಾಲಿಟ್ಟ ಎಂಟು ದಿನಗಳೊಳಗೆ ವಾಸದ ಅನುಮತಿಗೆ ಅರ್ಜಿ ಹಾಕಬೇಕು; ಅದಕ್ಕಾಗಿ ಅಂಚೆ ಕಚೇರಿ, ಆಮೇಲೆ ಪೊಲೀಸ್ ಕಚೇರಿ, ಬೆರಳಚ್ಚು, ಸರತಿಯ ಸಾಲು. ಅಲ್ಲಿನ ಸಾಲಿನಲ್ಲಿ ಅವರು ಗುರುಗಳೂ ಅಲ್ಲ, ವಿದ್ವಾಂಸರೂ ಅಲ್ಲ. ಹೊರದೇಶದಿಂದ ಬಂದ ಅನೇಕರಲ್ಲಿ ಒಬ್ಬರು. ಅರ್ಬನ್ ವಿಶ್ವವಿದ್ಯಾಲಯವಿರುವ ಜನಿಕುಲುಂ ಗುಡ್ಡದ ಮೇಲಿನಿಂದ ಸಂತ ಪೇತ್ರರ ಮಹಾದೇವಾಲಯದ ಗುಮ್ಮಟ ಕೈಗೆಟಕುವಂತೆ ಕಾಣುತ್ತದೆ. ಊರಿಗೆ ಬರುವ ಚಿತ್ರಗಳಲ್ಲಿ ನಾವು ಕಾಣುವುದು ಆ ಗುಮ್ಮಟವನ್ನು ಮಾತ್ರ.

ಊಟದ ವಿಷಯ ವಿವರಿಸಬೇಕಾಗಿಲ್ಲ. ಮೊದಲ ವಾರ ಪಾಸ್ತಾ ಹೊಸತು, ಎರಡನೆಯ ವಾರ ಹಳತು, ಮೂರನೆಯ ವಾರ ಉಪ್ಪಿನಕಾಯಿಯ ಬಾಟಲಿ ಹೊರಬರುತ್ತದೆ. ರಜೆಯ ದಿನ ನಾಲ್ಕಾರು ಭಾರತೀಯರು ಕೂಡಿ ಅನ್ನ ಸಾರು ಮಾಡಿಕೊಂಡರೆ ಅದೇ ಹಬ್ಬ.

ಬೇಸಿಗೆ ರಜೆಯೆಂದರೆ ಊರಿಗೆ ಬರುವುದೆಂದು ಭಾವಿಸಬಾರದು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಇಟಲಿಯ ಅಥವಾ ಜರ್ಮನಿಯ ಯಾವುದೋ ಹಳ್ಳಿಯ ಗುರುಗಳು ವಿಶ್ರಾಂತಿಗೆ ಹೋದಾಗ ಅವರ ಸ್ಥಾನದಲ್ಲಿ ಪೂಜೆ ಅರ್ಪಿಸಿ, ಪಾಪನಿವೇದನೆ ಕೇಳಿ, ಶವಸಂಸ್ಕಾರ ನಡೆಸುವವರು ಈ ವಿದ್ಯಾರ್ಥಿಗಳೇ. ಅದರಿಂದ ಬರುವ ಅಲ್ಪ ಸಂಭಾವನೆ ಪುಸ್ತಕಕ್ಕೋ ಊರಿನ ತಂಗಿಯ ಮದುವೆಗೋ ಒದಗುತ್ತದೆ. ವಿದ್ಯಾರ್ಥಿವೇತನದ ಹಿಂದಿನ ಕಥೆಯೂ ತಿಳಿದಿರಬೇಕು. ಫ್ರಾನ್ಸಿನ ಕಾಂ ಪಟ್ಟಣದ ಝಾನ್ ಬಿಗಾರ್ ಎಂಬ ಮಹಿಳೆ ತನ್ನ ತಾಯಿ ಸ್ಟೆಫನಿಯೊಡನೆ 1889ರಲ್ಲಿ ಮಿಷನ್ ನಾಡುಗಳ ಗುರು ಅಭ್ಯರ್ಥಿಗಳ ಓದಿಗೆ ಹಣ ಕೂಡಿಸತೊಡಗಿದರು. ಅದೇ ಪ್ರೇಷಿತ ಸಂತ ಪೇತ್ರರ ಸಂಘವಾಗಿ ಬೆಳೆದು, 1922ರಲ್ಲಿ ಪೋಪರ ಸಂಘವೆಂಬ ಮನ್ನಣೆ ಪಡೆಯಿತು. ತಾವು ಕಾಣದ ನಾಡಿನ, ತಾವು ಕಾಣದ ಮಕ್ಕಳ ಓದಿಗಾಗಿ ತಾಯಿ ಮಗಳಿಬ್ಬರು ಆರಂಭಿಸಿದ ಕೆಲಸ ಅದು.

ಇನ್ನು ಧಾರ್ಮಿಕ ಸಹೋದರಿಯರ ಮಾತು. ಒಂದು ಕಾಲದಲ್ಲಿ ರೋಮಿನ ಪೋಪರ ವಿಶ್ವವಿದ್ಯಾಲಯಗಳ ದೈವಶಾಸ್ತ್ರ ತರಗತಿಗಳಿಗೆ ಅವರಿಗೆ ಪ್ರವೇಶವೇ ಇರಲಿಲ್ಲ. 1954ರಲ್ಲಿ ಅವರಿಗಾಗಿ ರೆಜಿನಾ ಮುಂದಿ ಎಂಬ ಪ್ರತ್ಯೇಕ ವಿದ್ಯಾಸಂಸ್ಥೆಯನ್ನು ತೆರೆಯಬೇಕಾಯಿತು. ಮಹಾಸಭೆಯ ನಂತರ ಬಾಗಿಲು ತೆರೆಯಿತು. ಆದರೂ ನಮ್ಮ ಧರ್ಮಕೇಂದ್ರಗಳಲ್ಲಿ ರೋಮಿನಲ್ಲಿ ಓದಿಬಂದ ಗುರುಗಳಿಗೆ ಸ್ವಾಗತ ಸಮಾರಂಭವಿದ್ದರೆ, ಅದೇ ಪದವಿ ಪಡೆದು ಬಂದ ಸಹೋದರಿ ಮರುದಿನದಿಂದ ಮಕ್ಕಳಿಗೆ ಧರ್ಮೋಪದೇಶ ಹೇಳಲು ಕೂರುತ್ತಾರೆ. ಇದನ್ನು ನಾವು ಸಹಜವೆಂದುಕೊಂಡಿದ್ದೇವೆ.

ಒಂಟಿತನ ಎಲ್ಲ ಕಾಲಕ್ಕೂ ಒಂದೇ. ಅದರ ರೂಪ ಮಾತ್ರ ಬದಲಾಗಿದೆ. ಅಂದು ನೀಲಿ ಏರೋಗ್ರಾಂ. ಬರೆದ ಸುದ್ದಿ ತಲಪುವಷ್ಟರಲ್ಲಿ ಹಳಸಿರುತ್ತಿತ್ತು. ಇಂದು ಮೊಬೈಲಿನ ತೆರೆಯ ಮೇಲೆ ಮುಖವೇ ಕಾಣುತ್ತದೆ. ಆರ್.ಟಿ. ನಗರದ ಮನೆಯೊಂದರಲ್ಲಿ ರಾತ್ರಿ ಏಳೂವರೆಗೆ ಜಪಸರ ಆರಂಭವಾದರೆ ಚಳಿಗಾಲದ ರೋಮಿನಲ್ಲಿ ಮಧ್ಯಾಹ್ನ ಮೂರು. ಗ್ರಂಥಾಲಯದ ಹೊರಗೆ ನಿಂತು ಮಗ ಒಂದು ರಹಸ್ಯವನ್ನು ಮನೆಯವರೊಡನೆ ಜಪಿಸಬಹುದು. ಆದರೆ ತಂದೆ ಆಸ್ಪತ್ರೆ ಸೇರಿದ ರಾತ್ರಿ ಆ ತೆರೆ ಸಾಂತ್ವನಕ್ಕಿಂತ ಹಿಂಸೆ. ಎಲ್ಲವೂ ಕಾಣುತ್ತದೆ, ಏನನ್ನೂ ಮುಟ್ಟಲಾಗದು. ಸಾವಿನ ಸುದ್ದಿ ಬಂದಾಗ ವಿಮಾನ ಸಿಕ್ಕರೂ ಮಣ್ಣಿಗೆ ಒದಗುವುದು ಕಷ್ಟ. ದಿನಂಪ್ರತಿ ಅನ್ಯರ ತಂದೆ ತಾಯಿಯರನ್ನು ಮಣ್ಣು ಮಾಡುವ ಗುರುವಿಗೆ ತನ್ನ ತಾಯಿಯ ಶವಪೆಟ್ಟಿಗೆಯ ಮೇಲೆ ತೀರ್ಥ ಚಿಮುಕಿಸುವ ಭಾಗ್ಯ ತಪ್ಪುವುದುಂಟು. ಮಗನನ್ನು ದೇವರಿಗೆ ಕೊಟ್ಟೆವೆಂದು ನಮ್ಮ ಕುಟುಂಬಗಳು ಸುಲಭವಾಗಿ ಹೇಳುತ್ತವೆ. ಆ ಮಾತಿನ ಬೆಲೆಯನ್ನು ತೆರುವುದು ಅಂಥ ದಿನ.

ಬೆಲ್ಜಿಯಂನ ಲೂವೆನ್ನಿಗೆ ಹೋದವರಿಗೆ ಇಂಗ್ಲಿಷಿನಲ್ಲಿಯೇ ಓದುವ ಅನುಕೂಲವಿದೆ. ಆದರೆ ಆ ಊರಿಗೆ ನಾವು ಕೇಳಬೇಕಾದ ಒಂದು ಕಥೆಯಿದೆ. 1425ರಲ್ಲಿ ಸ್ಥಾಪನೆಯಾದ ಆ ಹಳೆಯ ಕ್ಯಾಥೋಲಿಕ್ ವಿಶ್ವವಿದ್ಯಾಲಯ 1968ರಲ್ಲಿ ಎರಡಾಗಿ ಒಡೆಯಿತು. ಕಾರಣ ಧರ್ಮವಲ್ಲ, ದೈವಶಾಸ್ತ್ರವೂ ಅಲ್ಲ; ಭಾಷೆ. ತಮ್ಮ ನೆಲದಲ್ಲಿ ತಮ್ಮ ನುಡಿಯಲ್ಲೇ ವಿದ್ಯೆಯಾಗಬೇಕೆಂದು ಫ್ಲೆಮಿಷ್ ವಿದ್ಯಾರ್ಥಿಗಳು ಬೀದಿಗಿಳಿದರು. ಫ್ರೆಂಚ್ ವಿಭಾಗ ಬೇರೆಡೆ ಹೊಸ ಊರನ್ನೇ ಕಟ್ಟಿಕೊಂಡು ಹೋಯಿತು. ಪೂಜೆ ಯಾವ ಭಾಷೆಯಲ್ಲೆಂದು ದೇವಾಲಯದ ಅಂಗಳದಲ್ಲಿ ಮನಸ್ಸು ಕಹಿಮಾಡಿಕೊಂಡ ನೆನಪಿರುವ ಬೆಂಗಳೂರಿನ ಕ್ಯಾಥೋಲಿಕರಿಗೆ ಇದು ದೂರದ ಕಥೆಯಾಗಿ ಕಾಣದು.

ಭಾಷೆಯ ಮಾತು ಇಲ್ಲಿ ಬಂದದ್ದು ಆಕಸ್ಮಿಕವಲ್ಲ. ಹೋಗಿ ಓದುವುದರ ಕಷ್ಟ ಐದು ವರ್ಷಗಳದು. ಓದಿದ್ದನ್ನು ಹೊತ್ತು ತಂದು ಇಲ್ಲಿ ಇಳಿಸುವ ಕಷ್ಟ ಜೀವಮಾನದ್ದು. ಯಲಹಂಕದ ಹೊರವಲಯದ ಒಂದು ದೇವಾಲಯಕ್ಕೆ ಅವರನ್ನು ನೇಮಿಸಿದರೆನ್ನಿ. ಮುಂದೆ ಕುಳಿತಿರುವವರು ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ರೈತಾಪಿ ಕುಟುಂಬಗಳಿಂದ ಬಂದ ಅಜ್ಜಿಯರು, ಕಾರ್ಖಾನೆಯ ನೌಕರರು, ಕನ್ನಡ ಮಾತನಾಡಿಯೂ ಕನ್ನಡ ಓದಲಾರದ ಶಾಲಾಮಕ್ಕಳು. ಲತೀನಿನಲ್ಲಿ ಪೆರ್ಸೋನ ಎಂದು ಓದಿದ್ದನ್ನು ವ್ಯಕ್ತಿ ಎಂದು ಕನ್ನಡಿಸಿ, ಒಬ್ಬನೇ ದೇವರಲ್ಲಿ ಮೂವರು ವ್ಯಕ್ತಿಗಳು ಎಂದೊಡನೆ ಕೇಳುವವರ ಮನಸ್ಸಿನಲ್ಲಿ ಮೂರು ಜನ ನಿಲ್ಲುತ್ತಾರೆ! ಲತೀನಿನ ಸಕ್ರಮೆಂತುಂ ಎಂಬುದಕ್ಕೆ ಸಂಸ್ಕಾರ ಎಂಬ ಮಾತು ನಮ್ಮಲ್ಲಿ ನೆಲೆನಿಂತಿದೆ. ಒಳ್ಳೆಯ ಮಾತು, ಹುಟ್ಟಿನಿಂದ ಸಾವಿನವರೆಗಿನ ವಿಧಿಗಳನ್ನೆಲ್ಲ ಹೊತ್ತ ಮಾತು. ಆದರೆ ಹಳ್ಳಿಯ ಕಿವಿಗೆ ಸಂಸ್ಕಾರವೆಂದರೆ ಮೊದಲು ಕೇಳುವುದು ಶವಸಂಸ್ಕಾರ. ಏಳು ಸಂಸ್ಕಾರಗಳು ಜೀವ ಕೊಡುತ್ತವೆ ಎಂದು ಬೋಧಿಸುವವರು ಈ ತೊಡಕನ್ನು ಬಿಡಿಸಿಯೇ ಮುಂದೆ ಹೋಗಬೇಕು. ಇದನ್ನು ಯಾವ ರೋಮಿನ ಪ್ರಾಧ್ಯಾಪಕರೂ ಹೇಳಿಕೊಡುವುದಿಲ್ಲ. ಅವರಿಗೆ ಇದು ಗೊತ್ತೇ ಇಲ್ಲ.

ಈ ಮಾತಿನ ಸಂದರ್ಭದಲ್ಲಿ ಕ್ರೈಸ್ತರಲ್ಲದ ಒಬ್ಬ ಕನ್ನಡಿಗರ ನೆನಪಾಗುತ್ತದೆ. ಯು.ಆರ್. ಅನಂತಮೂರ್ತಿಯವರು 1960ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲಿಷ್ ಸಾಹಿತ್ಯದ ಡಾಕ್ಟರೇಟ್ ಪದವಿಗೆ ಅಧ್ಯಯನ ಮಾಡುತ್ತಿದ್ದಾಗ, ಸಾವೊಂದರ ಸುತ್ತ ಹೆಣೆದ ‘ಸಂಸ್ಕಾರ’ ಕಾದಂಬರಿಯನ್ನು ಅಲ್ಲಿಯೇ ಕುಳಿತು ಕನ್ನಡದಲ್ಲಿ ಬರೆದರು. 1965ರಲ್ಲಿ ಅದು ಪ್ರಕಟವಾಯಿತು. ಪರದೇಶದ ಓದು ಕನ್ನಡವನ್ನು ಮರೆಸಿಯೇ ತೀರಬೇಕೆಂಬ ನಿಯಮವೇನೂ ಇಲ್ಲ. ಪ್ಯಾರಿಸಿನ ಕ್ಯಾಥೋಲಿಕ್ ವಿದ್ಯಾಸಂಸ್ಥೆಯಲ್ಲಿ ಓದಿಬಂದ ಡಿ.ಎಸ್. ಅಮಲೋರ್ಪವದಾಸ್ ಸ್ವಾಮಿಗಳು 1967ರಲ್ಲಿ ಬೆಂಗಳೂರಿನಲ್ಲಿ ಬೈಬಲ್, ಧರ್ಮೋಪದೇಶ ಹಾಗೂ ದೈವಾರಾಧನೆಯ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿ, ಆರಾಧನೆಗೆ ಈ ನಾಡಿನ ಮೈಬಣ್ಣ ಬರಬೇಕೆಂದು ದುಡಿದರು. ಅವರ ದಾರಿಯನ್ನು ಒಪ್ಪದವರೂ ಇದ್ದರು. ಆದರೆ ಫ್ರಾನ್ಸಿನಲ್ಲಿ ಕಲಿತದ್ದನ್ನು ಫ್ರಾನ್ಸಿನ ಪೊಟ್ಟಣದಲ್ಲಿಯೇ ತಂದು ಹಂಚಿದರೆಂದು ಯಾರೂ ದೂರುವಂತಿರಲಿಲ್ಲ.

ವಾಸ್ತವವಾಗಿ ಈ ಪಾಠವನ್ನು ನಮಗೆ ಮೊದಲು ಕಲಿಸಿದವರು ಎದುರು ದಿಕ್ಕಿನಿಂದ ಬಂದವರು. ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿ ಕನ್ನಡವನ್ನು ಕಲಿತು, ತಮ್ಮ ನಂತರ ಬರುವವರಿಗಾಗಿ ಅದರ ವ್ಯಾಕರಣವನ್ನು ಬರೆದರು. ಮೈಸೂರು ಮಿಷನ್ನಿನ ಧರ್ಮಾಧ್ಯಕ್ಷರಾಗಿದ್ದ ಫ್ರಾನ್ಸಿನ ಶಾರ್ಬೊನೊ ಅವರ ಲತೀನ್–ಕನ್ನಡ ನಿಘಂಟು 1861ರಲ್ಲಿ ಬೆಂಗಳೂರಿನಲ್ಲಿಯೇ ಅಚ್ಚಾಯಿತು. ಕಿಟ್ಟೆಲರ ಹೆಸರಾಂತ ಕನ್ನಡ–ಇಂಗ್ಲಿಷ್ ನಿಘಂಟು ಬಂದದ್ದು ಅದಾಗಿ 33 ವರ್ಷಗಳ ಮೇಲೆ, 1894ರಲ್ಲಿ. ರೋಮಿನ ಭಾಷೆಯ ಒಂದೊಂದು ಪದಕ್ಕೂ ಈ ನೆಲದಲ್ಲಿ ಯಾವ ಮಾತಿದೆಯೆಂದು ಹುಡುಕಿ ಬರೆದಿಡಲು ಒಬ್ಬ ಪರದೇಶಿಗೆ ವ್ಯವಧಾನವಿತ್ತು. ನಮ್ಮವರು ಇಂದು ಇಟಾಲಿಯನ್ನಿನಲ್ಲಿ, ಜರ್ಮನಿನಲ್ಲಿ ಬರೆದು ಒಪ್ಪಿಸಿದ ಪ್ರೌಢಪ್ರಬಂಧಗಳ ತಿರುಳು ಐವತ್ತು ಪುಟಗಳ ಕನ್ನಡ ಪುಸ್ತಿಕೆಯಾಗಿಯಾದರೂ ನಮ್ಮ ಮನೆಗಳಿಗೆ ಬಂದರೆ, ಹಾರ ಹಾಕಿ ಕಳುಹಿಸಿದ ಜನರಿಗೆ ಏನಾದರೂ ಕೊಟ್ಟಂತಾಗುತ್ತದೆ. ಕಳುಹಿಸುವ ಧರ್ಮಪ್ರಾಂತ್ಯಗಳು ಇದನ್ನು ಒಂದು ಷರತ್ತಾಗಿಯೇ ವಿಧಿಸಬಾರದೇಕೆ? ಕೇಳುವ ಹಕ್ಕು ನಮಗೂ ಇದೆ. ಕೇಳದಿರುವುದು ನಮ್ಮ ತಪ್ಪು.

ಹಿಂದಿರುಗದೆ ಅಲ್ಲಿಯೇ ಉಳಿದವರೂ ಇದ್ದಾರೆ. ಯೂರೋಪಿನ ದೇವಾಲಯಗಳಿಗೆ ಗುರುಗಳ ಅಭಾವವಿದೆ. ಧರ್ಮಾಧ್ಯಕ್ಷರ ಒಪ್ಪಿಗೆಯಿಂದಲೇ ಅಲ್ಲಿ ಸೇವೆಗೆ ನಿಲ್ಲುವವರಿದ್ದಾರೆ. ಅವರನ್ನು ಹಳಿಯುವುದು ಸರಿಯಲ್ಲ. ನಮಗೆ ಗುರುಗಳಿಲ್ಲದ ಕಾಲದಲ್ಲಿ ಅವರ ನಾಡಿನವರು ಬಂದು ಇಲ್ಲಿಯೇ ಮಣ್ಣಾದರು. ಈ ಹೋಗಿ ಬರುವ ದಾರಿಯ ಕಥೆ ಕನ್ನಡ ನಾಡಿಗೆ ಸಂಬಂಧಿಸಿದಂತೆ ನಾಲ್ಕು ಶತಮಾನಗಳಷ್ಟು ಹಳೆಯದು. ಗೋವಾದ ದಿವಾಡಿ ದ್ವೀಪದ ಮತ್ತೇವ್ ದೆ ಕಾಸ್ತ್ರೊ ಎಂಬ ತರುಣನಿಗೆ ತನ್ನ ಊರಿನಲ್ಲಿ ಗುರುದೀಕ್ಷೆ ದೊರೆಯಲಿಲ್ಲ. ಈ ನೆಲದವನೆಂಬುದೇ ಅಡ್ಡಿ. ಆತ 1625ರಲ್ಲಿ ರೋಮಿಗೆ ಹೋಗಿ, ಆಗಷ್ಟೇ ಹುಟ್ಟಿದ ಅರ್ಬನ್ ಕಾಲೇಜಿನಲ್ಲಿ ಓದಿ, ಗುರುವಾಗಿ, 1637ರಲ್ಲಿ ಧರ್ಮಾಧ್ಯಕ್ಷರಾದರು. ಲತೀನ್ ಪದ್ಧತಿಯಲ್ಲಿ ಆ ಪದವಿಗೇರಿದ ಪ್ರಥಮ ಭಾರತೀಯರು ಅವರು. ಅವರಿಗೆ ವಹಿಸಿದ ಸೀಮೆ ನಮ್ಮ ವಿಜಾಪುರದ ಆದಿಲಶಾಹಿ ರಾಜ್ಯ. ಗೋವಾದ ಪೋರ್ಚುಗೀಸ್ ಅಧಿಕಾರಿಗಳೊಡನೆ ಜೀವಮಾನವೆಲ್ಲ ಜಗಳವಾಡಿ, ದಣಿದು, ಓದಿದ ನಗರಕ್ಕೆ ಹಿಂದಿರುಗಿ, 1677ರಲ್ಲಿ ರೋಮಿನಲ್ಲಿಯೇ ತೀರಿಕೊಂಡರು. ಅವರ ಸೋದರ ಸಂಬಂಧದ ಥಾಮಸ್ ದೆ ಕಾಸ್ತ್ರೊ ಅವರೂ ರೋಮಿಗೆ ಹೋಗಿ ಥಿಯಾಟಿನ್ ಸಭೆಯನ್ನು ಸೇರಿ, ಧರ್ಮಾಧ್ಯಕ್ಷರಾಗಿ ಕನ್ನಡ ಕರಾವಳಿಗೆ ಬಂದರು. ಅವರು ಮತ್ತೆ ಕಡಲು ದಾಟಲಿಲ್ಲ. 1684ರಲ್ಲಿ ತೀರಿಕೊಂಡ ಅವರ ಸಮಾಧಿ ಮಂಗಳೂರಿನ ಬಿಕರ್ನಕಟ್ಟೆಯಲ್ಲಿದೆ. ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆಂದು ಇಲ್ಲಿಂದ ರಾತ್ರಿ ಬಸ್ಸಿನಲ್ಲಿ ಹೋಗುವ ಕುಟುಂಬಗಳು ಆ ಊರಿನಲ್ಲಿಯೇ ಇಳಿಯುತ್ತವೆ.